ಅಜ್ಜನ ಮಾತು ಮರೆಯದ ಚಿಪ್

ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲಿ ನಾವು ಮದುವೆ ಪತ್ರಿಕೆ ಟೈಪು ಮಾಡಿಸುವ ಕಂಪ್ಯೂಟರ್‌ಗೂ ಒಂದು ವಂಶಾವಳಿಯಿದೆ. ಮೂಲಪುರುಷ 1978ರಲ್ಲಿ ಇಂಟೆಲ್ ತಂದ 8086. ಒಳಗಿದ್ದುದು ಸುಮಾರು 29,000 ಟ್ರಾನ್ಸಿಸ್ಟರ್. 286, 386, 486 ದಾಟಿ 1993ರ ಪೆಂಟಿಯಂಗೆ ಬಂದಾಗ ಅದು 31 ಲಕ್ಷ. ಆದರೂ ಅಜ್ಜನಿಗೆ ಬರೆದ ಆದೇಶಗಳು ಮೊಮ್ಮಕ್ಕಳಿಗೂ ಅರ್ಥವಾಗುತ್ತಿದ್ದವು. 2001ರಲ್ಲಿ ಇಂಟೆಲ್ ಈ ನಂಟು ಬಿಟ್ಟು ಇಟೇನಿಯಂ ಎಂಬ ಹೊಸ ಕುಲ ಕಟ್ಟಹೊರಟಿತು. ಗೆದ್ದದ್ದು, ಹಳೆಯದನ್ನೇ 64 ಬಿಟ್‌ಗೆ ಹಿಗ್ಗಿಸಿ 2003ರಲ್ಲಿ ಎಎಂಡಿ ತಂದ ಚಿಪ್. ಮರುವರ್ಷ ಇಂಟೆಲ್ ಕೂಡ ಅದೇ ದಾರಿ ಹಿಡಿಯಿತು!

ಹಾಗಿದ್ದರೆ ನಮ್ಮ ಹಳೆಯ ಕನ್ನಡ ಕಡತಗಳು ಹೊಸ ಯಂತ್ರದಲ್ಲಿ ಬರೀ ಗೀಚಾಗಿ ಕಾಣುವುದೇಕೆ? ತಪ್ಪು ಚಿಪ್‌ನದಲ್ಲ. ಯುನಿಕೋಡ್ ಬಳಕೆಗೆ ಬರುವ ಮುಂಚೆ ಅಕ್ಷರಗಳ ಸಂಕೇತ ಫಾಂಟಿನಿಂದ ಫಾಂಟಿಗೆ ಬೇರೆಯಾಗುತ್ತಿತ್ತು. ಫಾಂಟು ಕಳೆದರೆ ಓದೂ ಕಳೆಯಿತು. ಉರ್ದುವಿನ ಹಳೆಯ ಇನ್‌ಪೇಜ್ ಕಡತಗಳದೂ ಹೆಚ್ಚುಕಡಿಮೆ ಇದೇ ಪಾಡು.