ಹೊಲಿಗೆಯ ಮೇಲೊಂದು ಪದರ

ಸುಮಾರು 200ರಿಂದ 300 ಗಂಡುಮಕ್ಕಳಲ್ಲಿ ಒಬ್ಬನಿಗೆ ಮೂತ್ರದ್ವಾರ ಶಿಶ್ನದ ತುದಿಯಲ್ಲಿರದೆ ಕೆಳಬದಿಯಲ್ಲೆಲ್ಲೋ ತೆರೆದುಕೊಂಡಿರುತ್ತದೆ. ಇದೇ ಹೈಪೋಸ್ಪೇಡಿಯಾಸ್. ಮೈಸೂರಿನ ಚೆಲುವಾಂಬ ಆಸ್ಪತ್ರೆಯಂಥ ಕಡೆ ಹುಟ್ಟಿದ ಮಗುವನ್ನು ಮೊದಲು ಒರೆಸುವ ದಾದಿಯ ಕಣ್ಣಿಗೇ ಇದು ಬೀಳಬೇಕು. ತೊಡಕು ತಡೆಯುವ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ. ಸುನ್ನತಿಯ ಸಂಪ್ರದಾಯವಿರುವ ಮನೆಯವರಿಗೆ ಅಂದೇ ತಿಳಿಹೇಳಬೇಕು: ಈ ಮಗುವಿಗೆ ಈಗ ಬೇಡ, ಮುಂದೆ ಶಸ್ತ್ರಚಿಕಿತ್ಸೆಯಲ್ಲಿ ಮೂತ್ರನಾಳ ಕಟ್ಟಲು ಮುಂದೊಗಲೇ ಬೇಕಾಗುತ್ತದೆ.

ಆ ಮುಂದೊಗಲಿನ ಬೆಲೆ ಶಸ್ತ್ರವೈದ್ಯರಿಗೆ ತಿಳಿದದ್ದೂ ನಿಧಾನವಾಗಿಯೇ. ಫ್ರಾನ್ಸಿನ ದ್ಯುಪ್ಲೇ 1874ರಲ್ಲಿ ನಾಳವನ್ನು ಹಂತಹಂತವಾಗಿ ಕಟ್ಟುವ ದಾರಿ ತೋರಿದರು. 1971ರಲ್ಲಿ ಆಗ್ರಾದ ಹರಿಶಂಕರ ಅಸೋಪಾ ಮುಂದೊಗಲಿನಿಂದಲೇ ಕೊಳವೆ ಮಾಡಿ ಒಂದೇ ಬಾರಿಗೆ ಮುಗಿಸುವ ವಿಧಾನ ಪ್ರಕಟಿಸಿದರು. ನಮ್ಮ ದೇಶದ ಈ ಕೊಡುಗೆಯನ್ನು ಇನ್ನೂ ಹೆಚ್ಚು ನೆನೆಯಬೇಕೆಂದು ನನ್ನ ಅನಿಸಿಕೆ. 1994ರಲ್ಲಿ ಅಮೆರಿಕದ ಸ್ನಾಡ್‌ಗ್ರಾಸ್, ಮಗುವಿನಲ್ಲಿ ಮೊದಲೇ ಇರುವ ನಾಳದ ಪಟ್ಟಿಯ ನಡುವೆ ಉದ್ದಕ್ಕೆ ಸೀಳಿ ಅಗಲಿಸಿ, ಅದನ್ನೇ ಸುತ್ತಿ ಹೊಲಿಯಬಹುದೆಂದು ತೋರಿಸಿದರು. ತುದಿಗೆ ಹತ್ತಿರದ ದೋಷಗಳಿಗೆ ಇಂದು ಬಹಳ ಕಡೆ ಬಳಕೆಯಲ್ಲಿರುವುದು ಇದೇ.

ಆದರೆ ಹೊಲಿದ ನಾಳದಲ್ಲಿ ಮುಂದೆ ತೂತು ಬೀಳುವುದನ್ನು ಯಾವ ವಿಧಾನವೂ ಪೂರ್ತಿ ತಪ್ಪಿಸಲಿಲ್ಲ. ನಾಳದ ಹೊಲಿಗೆ, ಅದರ ಮೇಲೆಯೇ ಚರ್ಮದ ಹೊಲಿಗೆ. ಎರಡೂ ಒಂದೇ ಸಾಲಿನಲ್ಲಿ ಬಿದ್ದರೆ ಮೂತ್ರ ಜಿನುಗಿ ಹೊರಕ್ಕೆ ದಾರಿ ಮಾಡಿಕೊಳ್ಳುತ್ತದೆ. ಹಾಗಾಗಿ ಎರಡರ ನಡುವೆ ರಕ್ತ ಹರಿಯುವ ಇನ್ನೊಂದು ಪದರ ಹೊದಿಸುವುದು ರೂಢಿಗೆ ಬಂತು: ಮುಂದೊಗಲಿನ ಅಡಿಯ ಡಾರ್ಟೋಸ್ ಪದರ, ಅದು ಸಾಲದಿದ್ದರೆ ವೃಷಣದ ಸುತ್ತಲಿನ ಪೊರೆ. ಈ ಪೊರೆಯ ಬಳಕೆಯನ್ನು ವೈದ್ಯ ಸ್ನೋ 1986ರಲ್ಲಿ ವರದಿ ಮಾಡಿದರು. ಹೊಲಿಯುವಾಗ ಕಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಕೂದಲಿಗಿಂತ ತುಸುವಷ್ಟೇ ದಪ್ಪದ, ತಾನೇ ಕರಗುವ ದಾರ. ತುದಿಯ ದ್ವಾರವನ್ನು ಬಿಗಿಯಾಗಿ ಹೊಲಿದರೂ ಕೆಡುಕೇ. ಮುಂದೆ ಹಾದಿ ಕಿರಿದಾದರೆ ಹಿಂದೆ ಒತ್ತಡ ಏರಿ ಹೊಲಿಗೆ ಬಿರಿಯುತ್ತದೆ.

ಶಿಶ್ನದ ಬಾಗು ಹೆಚ್ಚಿದ್ದು ದ್ವಾರ ತೀರಾ ಹಿಂದಿದ್ದರೆ, ಶಸ್ತ್ರವೈದ್ಯ ಬ್ರಾಕಾ 1995ರಲ್ಲಿ ವಿವರಿಸಿದಂತೆ ಎರಡು ಹಂತಗಳಲ್ಲಿ, ನಡುವೆ ಸುಮಾರು ಆರು ತಿಂಗಳು ಬಿಟ್ಟು ಮಾಡುವುದುಂಟು. ಒಂದೇ ಸಲಕ್ಕೆ ಮುಗಿಯಲಿ ಎಂಬುದು ಹೆತ್ತವರ ಸಹಜ ಆಸೆ. ಆದರೂ ಕೆಟ್ಟ ಮೇಲೆ ಮತ್ತೆ ಮಾಡುವ ಪ್ರತಿ ಶಸ್ತ್ರಚಿಕಿತ್ಸೆಯೂ ಹಿಂದಿನದಕ್ಕಿಂತ ಕಷ್ಟ. ಮೊದಲ ಸಲವೇ ಅವಸರ ಮಾಡದಿರುವುದು ಮೇಲು.

ಶಸ್ತ್ರಚಿಕಿತ್ಸೆಯ ನಂತರ ಉಳಿದದ್ದು ಮನೆಯವರ ಕೈಯಲ್ಲಿ. ಮೈಸೂರಿಗೆ ಹೆಗ್ಗಡದೇವನಕೋಟೆ, ಗುಂಡ್ಲುಪೇಟೆಗಳಿಂದಲೂ ಮಕ್ಕಳು ಬರುತ್ತಾರೆ. ಎಷ್ಟೋ ಸಲ ಮೂತ್ರ ಹೊರಹೋಗಲು ಇಟ್ಟ ನಳಿಕೆಯೊಂದಿಗೇ ಬಸ್ಸಿನಲ್ಲಿ ಊರಿಗೆ ಮರಳಬೇಕು. ಅಂಥವರಿಗೆ ಎರಡು ಡೈಪರ್‌ಗಳ ಉಪಾಯ ದೊಡ್ಡ ಆಸರೆ. ಒಳಗಿನದಕ್ಕೆ ಮುಂದೆ ಒಂದು ತೂತು ಮಾಡಿ ನಳಿಕೆಯನ್ನು ಅದರಿಂದ ಹೊರಗೆ ತೆಗೆಯುತ್ತಾರೆ. ಮೂತ್ರ ಹೊರಗಿನ ಡೈಪರ್‌ಗೆ, ಮಲ ಒಳಗಿನದಕ್ಕೆ, ಗಾಯ ಶುಚಿಯಾಗಿರುತ್ತದೆ. ನಳಿಕೆಯಿಂದ ಮೂತ್ರ ಹನಿಯುವುದು ನಿಂತು ಮಗು ತಿಣುಕತೊಡಗಿದರೆ ಅದನ್ನು ತಾವೇ ಎಳೆಯಬಾರದು, ಕೂಡಲೇ ಆಸ್ಪತ್ರೆಗೆ ಫೋನ್ ಮಾಡಬೇಕು. ಆ ನಂಬರನ್ನು ಬಿಡುಗಡೆ ಚೀಟಿಯ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದುಕೊಡುವುದು ಖರ್ಚಿಲ್ಲದ ಕೆಲಸ.

ಮೂತ್ರದ ಧಾರೆ ತೆಳುವಾದರೆ, ಎರಡು ಕಡೆ ಚಿಮ್ಮಿದರೆ ತಡಮಾಡದೆ ತೋರಿಸಬೇಕು. ತೂತು ಬಿದ್ದಿದ್ದರೂ ಊತ ಇಳಿದು ಚರ್ಮ ಮೆತ್ತಗಾಗಲೆಂದು ಸಾಮಾನ್ಯವಾಗಿ ಆರು ತಿಂಗಳಾದರೂ ಕಾದೇ ಮುಚ್ಚುತ್ತಾರೆ. ಕೆಲವು ತೊಂದರೆಗಳು ಹುಡುಗ ಬೆಳೆದು ಪ್ರಾಯಕ್ಕೆ ಬಂದಾಗಲೇ ಕಾಣುವುದರಿಂದ, ಅಲ್ಲಿಯವರೆಗೂ ಆಗಾಗ ಅವನನ್ನು ಕರೆಸಿ ನೋಡುವುದು ಆಸ್ಪತ್ರೆಯ ಹೊಣೆ.