ಚಂದ್ರಿಕೆಯ ಸುತ್ತ ಕುಳಿತವರು



ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಸುತ್ತಮುತ್ತ ರೇಷ್ಮೆ ಸಾಕುವ ಮನೆಗಳನ್ನು ನೀವು ಬಲ್ಲಿರಾದರೆ, ಗೂಡು ಬಿಡಿಸುವ ದಿನವನ್ನೂ ಬಲ್ಲಿರಿ. ಹಣ್ಣಾದ ಹುಳುಗಳನ್ನು ಬಿದಿರಿನ ಚಂದ್ರಿಕೆಗೆ ಬಿಟ್ಟು ಐದಾರು ದಿನ ಕಳೆದ ಮೇಲೆ ಮನೆಮಂದಿಯಲ್ಲದೆ ನೆರೆಹೊರೆಯವರೂ ಬಂದು ಸುತ್ತ ಕೂರುತ್ತಿದ್ದರು. ಕೈಗೆ ತುಂಬ ಕೆಲಸ, ಬಾಯಿಗೆ ಪೂರ್ಣ ಬಿಡುವು. ಮಾರುಕಟ್ಟೆಯ ದರ, ಯಾರದೋ ಮದುವೆ, ಇನ್ನಾರದೋ ಸಾಲ, ಒಗಟು, ಹಳೆಯ ಜಗಳ ಎಲ್ಲವೂ ಅಲ್ಲಿ ಬರುತ್ತಿದ್ದವು. ನಡುವೆ ಕುಳಿತ ಮಕ್ಕಳಿಗೆ ಯಾರೂ ಪಾಠ ಹೇಳುತ್ತಿರಲಿಲ್ಲ. ಆದರೂ ಒಂದು ಹೆಸರು ಬಂದೊಡನೆ ಅಜ್ಜಿಯ ಮುಖ ಏಕೆ ಬಾಡಿತು, ಯಾವ ಮಾತಿಗೆ ನಗಬೇಕು, ಯಾವ ಮಾತಿಗೆ ಸುಮ್ಮನಿರಬೇಕು ಎಂಬುದನ್ನು ಅವರು ಅಲ್ಲಿಯೇ ಕಲಿತರು.

ಇಂದು ಅದೇ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತ ಹುಡುಗನ ಕಣ್ಣು ಅಂಗೈಯ ಮೇಲಿದೆ. ಕರೆದರೆ 'ಹೂಂ' ಎನ್ನುತ್ತಾನೆ, ತಲೆ ಎತ್ತುವುದಿಲ್ಲ. ಇದಕ್ಕೆಲ್ಲ ಯಂತ್ರವೇ ಕಾರಣವೆಂದು ನಾವು ಸುಲಭವಾಗಿ ತೀರ್ಪು ಕೊಟ್ಟುಬಿಡುತ್ತೇವೆ. ಆದರೆ ನಮ್ಮ ನಾಡಿಗೆ ಯಂತ್ರದ ಧ್ವನಿ ಬಂದ ಬಗೆಯನ್ನು ಸ್ವಲ್ಪ ಹಿಂದಿರುಗಿ ನೋಡಿದರೆ ಆ ತೀರ್ಪು ಅಷ್ಟು ಸರಳವಾಗಿ ನಿಲ್ಲದು.

1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಸಣ್ಣದೊಂದು ಬಾನುಲಿ ಕೇಂದ್ರವನ್ನು ಆರಂಭಿಸಿದವರು ಡಾ. ಎಂ. ವಿ. ಗೋಪಾಲಸ್ವಾಮಿ. ಅವರು ಎಂಜಿನಿಯರ್ ಅಲ್ಲ, ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರು. ಮುಂದೆ ಇಡೀ ದೇಶ ಒಪ್ಪಿಕೊಂಡ 'ಆಕಾಶವಾಣಿ' ಎಂಬ ಹೆಸರು ಮೊದಲು ಅಂಟಿದ್ದು ಆ ಕೇಂದ್ರಕ್ಕೇ. ಮನುಷ್ಯನ ಮನಸ್ಸನ್ನು ಅಭ್ಯಾಸ ಮಾಡುವವರೊಬ್ಬರು ಈ ಯಂತ್ರವನ್ನು ಕೈಗೆತ್ತಿಕೊಂಡರೆಂಬುದು ನನಗೆ ಇಂದಿಗೂ ಅರ್ಥಪೂರ್ಣವಾಗಿ ಕಾಣುತ್ತದೆ. ರೇಡಿಯೋ ಇದ್ದ ಮನೆ ಊರಿಗೆ ಒಂದೋ ಎರಡೋ. ಕೇಳುವವರು ಒಟ್ಟಾಗಿ ಕೂರಲೇಬೇಕಿತ್ತು. ಕೇಳಿದ ಮೇಲೆ ಮಾತೂ ತಾನಾಗಿ ಹುಟ್ಟುತ್ತಿತ್ತು.

ಇನ್ನೊಂದು ವಿಜಯಪುರದ ಕಥೆ ಇದಕ್ಕಿಂತ ಸ್ವಾರಸ್ಯಕರ. ನಮ್ಮ ವಿಜಯಪುರವನ್ನು ಹಿಂದೆ ವಡಿಗೇನಹಳ್ಳಿ ಎನ್ನುತ್ತಿದ್ದರು. ಉತ್ತರದ ಬಿಜಾಪುರಕ್ಕೆ ಅಧಿಕೃತವಾಗಿ ವಿಜಯಪುರವೆಂಬ ಹೆಸರು ಬಂದದ್ದು 2014ರಲ್ಲಿ. (ಅಂದಿನಿಂದ ವಿಳಾಸ ಬರೆಯುವವರಿಗೆ ಜಿಲ್ಲೆಯ ಹೆಸರನ್ನು ಮರೆಯುವಂತಿಲ್ಲ!) ಆ ಬಿಜಾಪುರ ಜಿಲ್ಲೆಯ ಹಳ್ಳಿಗಳಿಗೆ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳ ಜೊತೆಯಲ್ಲಿ, ರಾಜಧಾನಿ ಬೆಂಗಳೂರಿಗಿಂತ ಆರು ವರ್ಷ ಮೊದಲೇ ದೂರದರ್ಶನ ಬಂದಿತ್ತು. 1975ರ ಆಗಸ್ಟ್ 1ರಂದು ಆರಂಭವಾದ 'ಸೈಟ್' ಎಂಬ ಉಪಗ್ರಹ ಪ್ರಯೋಗ ಅದು. ಅಮೆರಿಕದ ಉಪಗ್ರಹವೊಂದನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಕಳುಹಿಸಲಾಯಿತು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಊರಿಗೊಂದೇ ಪೆಟ್ಟಿಗೆ, ಅದೂ ಶಾಲೆಯಂತಹ ಸಾರ್ವಜನಿಕ ಸ್ಥಳದಲ್ಲಿ. ಮಗು ಪರದೆಯನ್ನು ನೋಡುವಾಗ ಪಕ್ಕದಲ್ಲಿ ಇನ್ನೊಂದು ಮಗುವಿನ ಭುಜ ತಾಗುತ್ತಿತ್ತು. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು.

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಅಲ್ಲಿಂದ ಮುಂದಿನದನ್ನು ನೀವೇ ಕಂಡಿದ್ದೀರಿ: ಬೀದಿಯ ಪೆಟ್ಟಿಗೆ ನಡುಮನೆಗೆ ಬಂತು, ನಡುಮನೆಯಿಂದ ಕೋಣೆಗೆ ಹೋಯಿತು, ಕೊನೆಗೆ ಅಂಗೈಗೆ ಇಳಿಯಿತು. ಪರದೆ ಕಿರಿದಾದಂತೆಲ್ಲ ಅದರ ಮುಂದೆ ಕೂರುವವರ ಸಂಖ್ಯೆಯೂ ಕಿರಿದಾಗಿ ಒಂದಕ್ಕೆ ಬಂದು ನಿಂತಿತು. ನನ್ನ ದೃಷ್ಟಿಯಲ್ಲಿ ನಷ್ಟವಾದದ್ದು ಇಲ್ಲಿಯೇ.

ಮುಖ ಮಗುವಿಗೆ ಎಷ್ಟು ಅಗತ್ಯವೆಂಬುದನ್ನು ಅಮೆರಿಕದ ಎಡ್ವರ್ಡ್ ಟ್ರೋನಿಕ್ ಎಂಬ ವಿದ್ವಾಂಸರು 1970ರ ದಶಕದಲ್ಲಿಯೇ ತೋರಿಸಿಕೊಟ್ಟರು. ಮಗುವಿನೊಡನೆ ನಗುನಗುತ್ತಿದ್ದ ತಾಯಿ ಸ್ವಲ್ಪ ಹೊತ್ತು ಮುಖವನ್ನು ಕಲ್ಲಿನಂತೆ ಮಾಡಿಕೊಂಡು ಸುಮ್ಮನೆ ಕೂರಬೇಕು. ಮಗು ಮೊದಲು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ; ಏನೂ ಫಲಿಸದಾಗ ಮುಖ ತಿರುಗಿಸಿ ಅಳುತ್ತದೆ. ಅಂದು ತಾಯಂದಿರು ಪ್ರಯೋಗಕ್ಕಾಗಿ ಮಾಡಿದ್ದನ್ನು ಇಂದು ನಾವು ಫೋನು ನೋಡುತ್ತಾ ಅರಿವಿಲ್ಲದೆ ದಿನಕ್ಕೆ ಎಷ್ಟು ಬಾರಿ ಮಾಡುತ್ತೇವೆ? ಮಕ್ಕಳನ್ನು ದೂರುವ ಮುನ್ನ ಈ ಪ್ರಶ್ನೆಯನ್ನು ನಾನು ನನಗೂ ಕೇಳಿಕೊಂಡಿದ್ದೇನೆ. 2014ರಲ್ಲಿ ಪ್ರಕಟವಾದ, ಕ್ಯಾಲಿಫೋರ್ನಿಯಾದಲ್ಲಿ ನಡೆದ ಅಧ್ಯಯನವೊಂದು ಸ್ವಲ್ಪ ಸಮಾಧಾನ ತರುತ್ತದೆ. ಆರನೆಯ ತರಗತಿಯ 51 ಮಕ್ಕಳು ಐದು ದಿನ ಪರದೆಯಿಲ್ಲದ ಶಿಬಿರದಲ್ಲಿದ್ದರು. ಅಷ್ಟರಲ್ಲಿಯೇ ಮುಖದ ಭಾವವನ್ನು ಗುರುತಿಸುವ ಅವರ ಶಕ್ತಿ, ಎಂದಿನಂತೆ ಇದ್ದ ಮಕ್ಕಳಿಗಿಂತ ಹೆಚ್ಚು ಸುಧಾರಿಸಿತ್ತು. ಅದೇ 2014ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ತಂತ್ರಜ್ಞಾನದ ಅತಿಬಳಕೆಗೆ ಸಿಲುಕಿದವರಿಗಾಗಿ 'ಶಟ್' ಎಂಬ ಚಿಕಿತ್ಸಾಲಯವನ್ನು ತೆರೆಯಿತು.

ಅನಂತರ 2020 ಬಂತು. ಶಾಲೆಗಳು ಮುಚ್ಚಿದವು. ಎಳೆಯ ಮಕ್ಕಳನ್ನು ಪರದೆಯ ಮುಂದೆ ಕೂರಿಸಬಾರದೆಂದು ರಾಜ್ಯ ಸರ್ಕಾರ ಐದನೆಯ ತರಗತಿಯವರೆಗೆ ಆನ್‌ಲೈನ್ ಪಾಠವನ್ನು ಜೂನ್ ತಿಂಗಳಲ್ಲಿ ನಿಷೇಧಿಸಿತು. ಜುಲೈ 8ರಂದು ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಎರಡೂ ಕಡೆಯ ವಾದದಲ್ಲಿ ಸತ್ಯವಿತ್ತೆಂದೇ ನನ್ನ ಎಣಿಕೆ. ಆದರೆ ನೂಲು ತೆಗೆಯುವ ಕೂಲಿಯವರ ಮನೆಯಲ್ಲಿ ಇದ್ದದ್ದು ಒಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ. ಆ ಮಗುವಿಗೆ ನಿಷೇಧವೂ ಒಂದೇ, ತಡೆಯೂ ಒಂದೇ. ಆಗಸ್ಟ್‌ನಲ್ಲಿ 'ವಿದ್ಯಾಗಮ' ಯೋಜನೆಯಡಿ ಸರ್ಕಾರಿ ಶಾಲೆಯ ಶಿಕ್ಷಕರು ಊರೂರಿಗೆ ಹೋಗಿ ಮರದ ನೆರಳಿನಲ್ಲಿ, ದೇವಾಲಯದ ಜಗುಲಿಯಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಯಂತ್ರವಿಲ್ಲದೆಡೆ ಗುರುವೇ ನಡೆದು ಬಂದ ಆ ಕೆಲವು ವಾರಗಳನ್ನು ನಮ್ಮ ಶಿಕ್ಷಣದ ಇತಿಹಾಸ ಬರೆಯುವವರು ಮರೆಯಬಾರದು.

ನಮ್ಮ ಗಡಿಗೆ ತಾಗಿದ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಿದೆ. ಅಲ್ಲಿಯವರು 2022ರಲ್ಲಿ ಒಂದು ಕಟ್ಟಳೆ ಮಾಡಿಕೊಂಡರು. ಸಂಜೆ ಏಳಕ್ಕೆ ಸೈರನ್ ಕೂಗಿದೊಡನೆ ಟಿ.ವಿ., ಫೋನು ಎಲ್ಲ ಬಂದ್; ಎಂಟೂವರೆಗೆ ಮತ್ತೊಮ್ಮೆ ಕೂಗುವವರೆಗೆ ಓದು, ಮಾತು. ದೊಡ್ಡವರಿಗೂ ವಿನಾಯಿತಿಯಿಲ್ಲ.

ನಮ್ಮ ವಿಜಯಪುರದ ಸೀಮೆಯಲ್ಲಿ ಸೈರನ್ ಬೇಕೆಂದು ನಾನು ಹೇಳಲಾರೆ. ಬಿದಿರಿನ ಚಂದ್ರಿಕೆಯ ಬದಲು ಪ್ಲಾಸ್ಟಿಕ್ ನೇತ್ರಿಕೆ ಬಂದಿರಬಹುದು, ಆದರೂ ಗೂಡು ಬಿಡಿಸಲು ಎರಡೂ ಕೈ ಬೇಕು. ಮುಂದಿನ ಬೆಳೆ ಬಂದಾಗ ಕಂಬಕ್ಕೆ ಒರಗಿದ ಆ ಹುಡುಗನನ್ನು ಹತ್ತಿರ ಕರೆದು ಕೂರಿಸಿಕೊಳ್ಳಿ. ಅಜ್ಜಿ ಇನ್ನೂ ಇದ್ದರೆ, ಅವರ ಎದುರಿಗೇ.