ಧೂಮಪಾನ ವರ್ಜನೆ (ದಾವಣಗೆರೆ ಜಿಲ್ಲೆ)

ಹಲವು ವರ್ಷ ಬೀಡಿ, ಸಿಗರೇಟು ಸೇದಿದವರು ಆ ಚಟದಿಂದ ಹೊರಬರುವ ಪ್ರಕ್ರಿಯೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ, ಅದರಲ್ಲೂ ಅಡಕೆ ತೋಟಗಳ ಚನ್ನಗಿರಿಯಲ್ಲಿ, ಇದನ್ನು ಜಗಿಯುವ ತಂಬಾಕಿನಿಂದ ಬೇರ್ಪಡಿಸಿ ನೋಡಲಾಗದು. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರ ಪೈಕಿ ಹೊಗೆ ಸೇದುವವರಿಗಿಂತ ಹೊಗೆರಹಿತ ತಂಬಾಕು ಬಳಸುವವರೇ ಹೆಚ್ಚು ಕಂಡುಬಂದರು. ಬೀಡಿ ಬಿಟ್ಟು ಎಲೆ, ಅಡಕೆ, ಹೊಗೆಸೊಪ್ಪಿಗೆ ಹೊರಳಿದವರ ಶ್ವಾಸಕೋಶಕ್ಕೆ ಬಿಡುವು ಸಿಕ್ಕೀತು. ಆದರೆ ನಿಕೋಟಿನ್ ಹಿಡಿತ ಸಡಿಲುವುದಿಲ್ಲ, ಬಾಯಿ ಕ್ಯಾನ್ಸರಿನ ಅಪಾಯವೂ ತಪ್ಪುವುದಿಲ್ಲ. ತಂಬಾಕಿಲ್ಲದ ಬರೀ ಅಡಕೆಯಾದರೆ ಆದೀತಲ್ಲ ಎಂಬ ವಾದವೂ ನಿಲ್ಲದು: ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಕೆಯಿಂದಲೇ ಮನೆ ನಡೆಯುವ ಸೀಮೆಯಲ್ಲಿ ಇದು ಹೇಳಲು ಕಷ್ಟದ ಮಾತು, ಆದರೂ ಹೇಳಲೇಬೇಕು.

ಇಷ್ಟು ವರ್ಷ ಸೇದಿಯಾಯಿತು, ಈಗ ಬಿಟ್ಟು ಏನು ಬಂತು ಎಂಬ ಆಕ್ಷೇಪ ಹಿರಿಯರಲ್ಲಿ ಸಾಮಾನ್ಯ. ಬ್ರಿಟನ್ನಿನ ವೈದ್ಯರನ್ನು 1951ರಿಂದ 50 ವರ್ಷ ಗಮನಿಸಿದ ರಿಚರ್ಡ್ ಡಾಲ್ ತಂಡದ 2004ರ ವರದಿ ಇದಕ್ಕೆ ಉತ್ತರ: 60ರಲ್ಲಿ ಬಿಟ್ಟವರಿಗೂ ಸುಮಾರು 3 ವರ್ಷ, 50ರಲ್ಲಿ ಬಿಟ್ಟವರಿಗೆ 6, 40ರಲ್ಲಿ ಬಿಟ್ಟವರಿಗೆ 9 ವರ್ಷ ಆಯುಸ್ಸು ಹೆಚ್ಚಿತು. ಅವರು ಸೇದಿದ್ದು ಬೀಡಿಯಲ್ಲ, ನಿಜ; ಆದರೆ ಬೀಡಿಯ ಹೊಗೆಯಲ್ಲೂ ಟಾರ್, ಕಾರ್ಬನ್ ಮೊನಾಕ್ಸೈಡ್, ನಿಕೋಟಿನ್ ಇವೆ. ಬಿಟ್ಟ ಮೊದಲ ವಾರದ ಸಿಡುಕು, ನಿದ್ರಾಭಂಗ ಮನೋಬಲದ ಕೊರತೆಯ ಗುರುತಲ್ಲ. ಅದು ಬಹುಪಾಲು ಜನರಲ್ಲಿ ಮೂರು ನಾಲ್ಕು ವಾರಗಳಲ್ಲಿ ತಗ್ಗುವ ದೇಹಧರ್ಮ. ಆ ಅವಧಿಗೆ ನಿಕೋಟಿನ್ ಚೂಯಿಂಗ್ ಗಮ್, ವೈದ್ಯರ ಸಲಹೆ ನೆರವಾಗುತ್ತವೆ. ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಉಚಿತ.